ಹೆಸರು ಹಾಕಲಿಲ್ಲ, ಆದರೂ ಊರಿಗೆಲ್ಲ ಗೊತ್ತಾಯಿತು: ಗಡಿನಾಡಿನ ಪತ್ರಿಕೆಯವರನ್ನು ತಿದ್ದುವವರು ಯಾರು?

ಪಯಸ್ವಿನಿ ಟೀಚರ್ (ಚರ್ಚೆ ಆರಂಭಿಸಿದವರು)

ಈಚೆಗೆ ನಮ್ಮ ಕಡೆಯ ಒಂದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣ ಕನ್ನಡ ಪತ್ರಿಕೆಯೊಂದರ ಕಾಸರಗೋಡು ಪುಟದಲ್ಲಿ ಬಂತು. ಅದಕ್ಕೂ ಮೊದಲೇ ಊರಿನ ಒಂದು ವಾಟ್ಸಾಪ್ ನ್ಯೂಸ್ ಗ್ರೂಪಿನಲ್ಲಿ ಬಂದಾಗಿತ್ತು. ಎರಡರಲ್ಲೂ ಮಗುವಿನ ಹೆಸರಿಲ್ಲ, ಫೋಟೋ ಇಲ್ಲ. ಆದರೆ ಪಂಚಾಯತು ಯಾವುದು, ಕನ್ನಡ ಮಾಧ್ಯಮದ ಎಷ್ಟನೇ ತರಗತಿ, ತಂದೆಗೆ ಎಂತ ಕೆಲಸ, ಆರೋಪಿ ಆ ಮನೆಗೆ ಏನಾಗಬೇಕು, ಎಲ್ಲ ಉಂಟು. ನಮ್ಮ ಪಂಚಾಯತುಗಳಲ್ಲಿ ಕನ್ನಡ ಮಾಧ್ಯಮದ ಒಂದು ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇರುತ್ತಾರೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಸಂಜೆಗೆ ಹಾಲಿನ ಸೊಸೈಟಿಯಲ್ಲಿ ಹೆಸರು ಹಿಡಿದೇ ಮಾತಾಡುತ್ತಿದ್ದರು. ಮಗು ಆಮೇಲೆ ಶಾಲೆಗೆ ಬಂದಿಲ್ಲ.

ಪತ್ರಿಕೆಗೆ ಫೋನ್ ಮಾಡಿದೆ. "ಹೆಸರು ಹಾಕಿಲ್ಲವಲ್ಲ ಟೀಚರ್" ಅಂತ ಉತ್ತರ. ಅಷ್ಟಕ್ಕೇ ಮಾತು ಮುಗಿಯಿತು.

ಪತ್ರಕರ್ತರಿಗೆ ಅವರದ್ದೇ ನೀತಿಸಂಹಿತೆ ಉಂಟು, ತಪ್ಪಿದವರನ್ನು ಅವರೇ ತಿದ್ದಿಕೊಳ್ಳುತ್ತಾರೆ, ಸರಕಾರ ಕೈ ಹಾಕಬಾರದು ಅಂತ ಕೇಳಿಕೊಂಡು ಬಂದಿದ್ದೇವೆ. ಆ ತಿದ್ದುವ ಕೆಲಸ ಕಾಸರಗೋಡಿನವರೆಗೆ ಬರುತ್ತದಾ? ಪತ್ರಿಕೆ ಅಚ್ಚಾಗುವುದು ಮಂಗಳೂರಿನಲ್ಲಿ, ಓದುವ ನಾವು ಇರುವುದು ಕೇರಳದಲ್ಲಿ. ದೂರು ಕೊಡುವುದಾದರೆ ಯಾರಿಗೆ? ಗೊತ್ತಿದ್ದವರು ಹೇಳಿ.

ಹೊಸಂಗಡಿ ಲೈವ್

ಟೀಚರೇ, ನಾನೂ ಒಂದು ನ್ಯೂಸ್ ಗ್ರೂಪಿನ ಅಡ್ಮಿನ್. ನೀವು ಹೇಳಿದ ಗ್ರೂಪ್ ನಮ್ಮದಲ್ಲ, ಆದರೂ ಹೇಳುತ್ತೇನೆ. ಠಾಣೆಯಿಂದ ಬರುವ ಮಾಹಿತಿಯಲ್ಲೇ ಇದೆಲ್ಲ ಇರುತ್ತದೆ. ನಾವು ಹಾಕದಿದ್ದರೆ ಹತ್ತು ನಿಮಿಷದಲ್ಲಿ ಮಲಯಾಳಂ ಪೋರ್ಟಲಿನಲ್ಲಿ ಬರುತ್ತದೆ, ಆಮೇಲೆ ಜನ ನಮ್ಮನ್ನೇ ಕೇಳುವುದು: "ಎಂತ ಮಾರಾಯ, ನಿಮಗೆ ಸುದ್ದಿ ಸಿಗುವುದೇ ಇಲ್ಲವಾ?" ಓದುಗರಿಗೆ ಬೇಕಾದ್ದನ್ನು ಕೊಡುವುದು ತಪ್ಪು ಅಂತಾದರೆ ಓದುಗರನ್ನೂ ಸ್ವಲ್ಪ ಕೇಳಿ.

ಕುಂಬಳೆ ವಕೀಲೆ

ಲೈವ್ ಅಣ್ಣ, ನೀತಿಯ ಮಾತು ಆಮೇಲೆ. ಇದು ಮೊದಲು ಕಾನೂನಿನ ವಿಷಯ.

ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿ. ಮಗುವಿನ ಹೆಸರು, ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ನೆರೆಕರೆ, ಗುರುತು ಹಿಡಿಯಲು ಸಹಾಯವಾಗುವ ಬೇರೆ ಯಾವುದೇ ಸಂಗತಿ, ಯಾವುದನ್ನೂ ಮಾಧ್ಯಮದಲ್ಲಿ ಹಾಕುವಂತಿಲ್ಲ. ಮಗುವಿನ ಹಿತಕ್ಕೆ ಬೇಕು ಅಂತ ವಿಶೇಷ ನ್ಯಾಯಾಲಯ ಕಾರಣ ಬರೆದು ಅನುಮತಿ ಕೊಟ್ಟರೆ ಮಾತ್ರ ಬೇರೆ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ದಂಡ, ಅಥವಾ ಎರಡೂ. ಬರೆದವನ ಜೊತೆ ಪ್ರಕಾಶಕರು, ಮಾಲೀಕರೂ ಹೊಣೆ. 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನೂ ಬಿಗಿಯಾಗಿ ಹೇಳಿತು. "ಹೆಸರು ಹಾಕಿಲ್ಲವಲ್ಲ" ಎನ್ನುವುದು ಉತ್ತರವೇ ಅಲ್ಲ.

ಪೊಲೀಸರು ಕೊಟ್ಟರು ಅಂತ ಹಾಕುವ ಹಾಗೂ ಇಲ್ಲ. ಅವರು ಕೊಟ್ಟದ್ದೇ ತಪ್ಪಾಗಿರಬಹುದು.

ಬೇಳದ ಬಾವ

ಇದು ಯಾವ ಪ್ರಕರಣ ಅಂತ ನನಗೆ ಗೊತ್ತಾಯಿತು. ಅದೇ ಅಲ್ಲವಾ, [ಈ ಭಾಗವನ್ನು ತೆಗೆಯಲಾಗಿದೆ – ನಿರ್ವಾಹಕ]

ನಿರ್ವಾಹಕ

ಬಾವಾ, ಮೇಲಿನ ಎರಡು ಬರಹ ಓದಿದ ಮೇಲೂ ಹೀಗೆ ಬರೆಯುವುದಾ? ಊರು, ಶಾಲೆ, ಮನೆತನದ ಸುಳಿವು ಇರುವ ಯಾವುದನ್ನೂ ಇಲ್ಲಿ ಇಡುವುದಿಲ್ಲ. ಊಹೆಗಳನ್ನೂ ಬರೆಯಬೇಡಿ.

ಕೋಳ್ಯೂರು ಮಾಷ್ಟ್ರು

ಟೀಚರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಹಳೆಯ ಅಭ್ಯಾಸ.

ಮುದ್ರಿತ ಪತ್ರಿಕೆಗೆ ಇರುವುದು ಭಾರತೀಯ ಪತ್ರಿಕಾ ಮಂಡಳಿ. 1954ರಲ್ಲಿ ಮೊದಲನೇ ಪತ್ರಿಕಾ ಆಯೋಗ ಹೇಳಿದ್ದು, 1966ರಲ್ಲಿ ಶುರುವಾದದ್ದು. ನವೆಂಬರ್ 16ನ್ನು ರಾಷ್ಟ್ರೀಯ ಪತ್ರಿಕಾ ದಿನ ಎನ್ನುವುದು ಅದಕ್ಕೇ. (ನಮಗೆ ಜುಲೈ 1 ಹೆಚ್ಚು ಹತ್ತಿರ. 1843ರ ಆ ದಿನ ಮೋಗ್ಲಿಂಗ್ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಕಾಸರಗೋಡು, ಮಂಗಳೂರು ಎಂಬ ಗಡಿಯೇ ಇರಲಿಲ್ಲ.) ತುರ್ತುಪರಿಸ್ಥಿತಿಯಲ್ಲಿ, 1976ರ ಜನವರಿಯಲ್ಲಿ, ಮಂಡಳಿಯನ್ನೇ ಎತ್ತಿಬಿಟ್ಟರು. 1978ರ ಕಾಯ್ದೆಯಿಂದ ಮತ್ತೆ ಹುಟ್ಟಿತು. ಅಧ್ಯಕ್ಷರನ್ನು ಬಿಟ್ಟು 28 ಸದಸ್ಯರು, ಅದರಲ್ಲಿ 20 ಜನ ಪತ್ರಿಕಾರಂಗದವರೇ. ಉಳಿದವರಲ್ಲಿ ಐದು ಮಂದಿ ಸಂಸದರು. ಬಾಕಿ ಮೂವರನ್ನು ಯುಜಿಸಿ, ವಕೀಲರ ಪರಿಷತ್ತು, ಸಾಹಿತ್ಯ ಅಕಾಡೆಮಿ ಕಳಿಸುತ್ತವೆ.

ಈ ಮಂಡಳಿ ಪತ್ರಿಕೆಯನ್ನು ಎಚ್ಚರಿಸಬಹುದು, ಗದರಿಸಬಹುದು, ಖಂಡಿಸಬಹುದು. ಅಲ್ಲಿಗೆ ಮುಗಿಯಿತು. ದಂಡ ಇಲ್ಲ, ಪರವಾನಗಿ ರದ್ದು ಮಾಡುವ ಅಧಿಕಾರ ಇಲ್ಲ. ಟಿವಿ, ಪೋರ್ಟಲ್ ಅದರ ಕೆಳಗೆ ಬರುವುದೇ ಇಲ್ಲ. ಪ್ರೆಸ್ ಇರುವುದು ಮಂಗಳೂರೋ ಮಣಿಪಾಲವೋ ಅಂತ ಅದು ನೋಡುವುದಿಲ್ಲ, ದೇಶಕ್ಕೆಲ್ಲ ಒಂದೇ. ಆದ್ದರಿಂದ ಕೇರಳದಲ್ಲಿ ಕೂತು ಕರ್ನಾಟಕದ ಪತ್ರಿಕೆಯ ಮೇಲೆ ದೂರು ಕೊಡಲು ಅಡ್ಡಿಯಿಲ್ಲ.

ಮೀಯಪದವು

ಹಲ್ಲಿಲ್ಲದ ಮಂಡಳಿ ಯಾಕೆ ಮಾಷ್ಟ್ರೇ? ಸರಕಾರವೇ ಒಂದು ಗಟ್ಟಿ ಕಾನೂನು ತಂದು ನಾಲ್ಕು ಜನರನ್ನು ಒಳಗೆ ಹಾಕಲಿ. ಉಳಿದವರು ತನ್ನಿಂದ ತಾನೇ ಸರಿಯಾಗುತ್ತಾರೆ.

ಕುಂಬಳೆ ವಕೀಲೆ

ತಂದಿದ್ದರಲ್ಲ, ನಮ್ಮ ರಾಜ್ಯದಲ್ಲೇ! 2020ರ ನವೆಂಬರಿನಲ್ಲಿ ಕೇರಳ ಪೊಲೀಸ್ ಕಾಯ್ದೆಗೆ 118ಎ ಅಂತ ಸೇರಿಸಿದ ಸುಗ್ರೀವಾಜ್ಞೆ. ಮಾನ ಕಳೆಯುವ ಯಾವುದನ್ನಾದರೂ ಹಾಕಿದರೆ ಮೂರು ವರ್ಷದವರೆಗೆ ಜೈಲು. ಹೆಂಗಸರ ಮೇಲೆ ಆನ್‌ಲೈನ್‌ನಲ್ಲಿ ನಡೆಯುವ ದಾಳಿ ತಡೆಯಲಿಕ್ಕೆ ಅಂತ ಹೇಳಿದರು. ಆದರೆ ಬರೆದ ರೀತಿ ನೋಡಿದರೆ ಪಂಚಾಯತು ಅಧ್ಯಕ್ಷರ ರಸ್ತೆ ಕಾಮಗಾರಿಯ ಬಗ್ಗೆ ಬರೆದವನನ್ನೂ ಹಿಡಿಯಬಹುದಿತ್ತು. ನಾಲ್ಕು ಕಡೆಯಿಂದ ಗಲಾಟೆ ಎದ್ದು ಒಂದೇ ವಾರದೊಳಗೆ ಹಿಂದೆ ತೆಗೆದುಕೊಂಡರು. ಅದೇ ಕಾಯ್ದೆಯಲ್ಲಿ ಮೊದಲೇ ಇದ್ದ ಇಂಥದ್ದೇ 118(ಡಿ)ಯನ್ನು 2015ರಲ್ಲಿ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತ್ತು, ಅದು ಗೊತ್ತಿದ್ದೂ ಇದನ್ನು ತಂದದ್ದು.

ಮಗುವಿನ ಗುರುತಿನ ಹಾಗೆ ಸ್ಪಷ್ಟವಾದ ವಿಷಯಕ್ಕೆ ಕಾನೂನು ಇರಲಿ, ಉಂಟು ಕೂಡ. ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಅಂತ ಅಳೆಯುವ ಕೋಲನ್ನು ಠಾಣೆಯ ಎಸ್‌ಐ ಕೈಗೆ ಕೊಡಬಾರದು.

ಕೋಳ್ಯೂರು ಮಾಷ್ಟ್ರು

ಸರಿಯಾಗಿ ಹೇಳಿದಿರಿ. ಪೊಲೀಸ್ ಮತ್ತು ಪತ್ರಿಕೆ ಒಟ್ಟಿಗೆ ಸೇರಿದರೆ ಎಂತ ಆಗುತ್ತದೆ ಅಂತ ಕೇರಳಕ್ಕಿಂತ ಚೆನ್ನಾಗಿ ತಿಳಿದವರಿಲ್ಲ. 1994ರ ಇಸ್ರೊ ಬೇಹುಗಾರಿಕೆ ಪ್ರಕರಣ. ಠಾಣೆಯಿಂದ ಸೋರಿದ್ದನ್ನೆಲ್ಲ ಮಲಯಾಳಂ ಪತ್ರಿಕೆಗಳು ಧಾರಾವಾಹಿಯ ಹಾಗೆ ಬರೆದವು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ದೇಶದ್ರೋಹಿ ಎಂಬುದರಲ್ಲಿ ಆಗ ನಮಗ್ಯಾರಿಗೂ ಸಂಶಯ ಇರಲಿಲ್ಲ, ಸ್ಟಾಫ್ ರೂಮಿನಲ್ಲಿ ಅದೇ ಮಾತು. 1996ರಲ್ಲಿ ಸಿಬಿಐ ಇದರಲ್ಲಿ ಹುರುಳಿಲ್ಲ ಅಂತ ವರದಿ ಕೊಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಕೊಡಬೇಕಾದದ್ದು ಕೇರಳ ಸರಕಾರ, ಅಂದರೆ ನೀವು, ನಾನು. ಬರೆದ ಪತ್ರಿಕೆಗಳ ಮೇಲೆ ಆ ತೀರ್ಪಿನಲ್ಲಿ ಒಂದು ಪೈಸೆಯ ಹೊಣೆಯೂ ಬೀಳಲಿಲ್ಲ.

ಹೊಸಂಗಡಿ ಲೈವ್

ನೋಡಿ, ದೊಡ್ಡ ಪತ್ರಿಕೆಗಳು ಹಾಗೆ ಮಾಡಿದರೆ ಇತಿಹಾಸ, ನಾವು ಮಾಡಿದರೆ ಜೈಲು 😄

ಬಿಡಿ ಸುದ್ದಿಗಾರ

ಇಲ್ಲಿಯವರೆಗೆ ದೆಹಲಿ, ತಿರುವನಂತಪುರ ಎಲ್ಲ ಆಯಿತು. ಇನ್ನು ನಮ್ಮ ಪೇಟೆಗೆ ಬನ್ನಿ. ನಾನು ಒಂದು ಕನ್ನಡ ಪತ್ರಿಕೆಯ ಬಿಡಿ ಸುದ್ದಿಗಾರ. ಯಾವ ಪತ್ರಿಕೆ ಅಂತ ಕೇಳಬೇಡಿ.

ನನಗೆ ಸಂಬಳ ಇಲ್ಲ. ಅಚ್ಚಾದ ಸುದ್ದಿಗೆ ಲೆಕ್ಕ ಹಾಕಿ ಕೊಡುತ್ತಾರೆ, ಅದು ಬೈಕಿನ ಪೆಟ್ರೋಲಿಗೆ ಸರಿಹೋದರೆ ಆ ತಿಂಗಳು ಒಳ್ಳೆಯದು. ಮನೆ ನಡೆಯುವುದು ಜಾಹೀರಾತಿನ ಕಮಿಷನ್‌ನಲ್ಲಿ. ಜಾಹೀರಾತು ಅಂದರೆ ಎಂತದ್ದು? ದೇವಸ್ಥಾನದ ಬ್ರಹ್ಮಕಲಶದ ಪುರವಣಿ, ಓಣಂ ಶುಭಾಶಯ, ಸಹಕಾರಿ ಬ್ಯಾಂಕಿನ ವಾರ್ಷಿಕೋತ್ಸವ, ಚಿನ್ನದಂಗಡಿ ಉದ್ಘಾಟನೆ. ಬ್ರಹ್ಮಕಲಶ ಸಮಿತಿಯ ಗೌರವಾಧ್ಯಕ್ಷರು ಯಾರು? ಕೆಂಪುಕಲ್ಲು ಕೋರೆಯ ಧಣಿ. ಅವರ ಕೋರೆಯ ಲಾರಿಯಿಂದ ಶಾಲೆ ರಸ್ತೆ ಹಾಳಾಯಿತು ಅಂತ ನಾನು ಬರೆಯುವುದು ಹೇಗೆ? ಬರೆದೆ ಅಂತಲೇ ಇಟ್ಟುಕೊಳ್ಳಿ. ಪುರವಣಿ ಬೇರೆ ಪತ್ರಿಕೆಗೆ ಹೋಗುತ್ತದೆ. ನಮ್ಮ ಜಾಹೀರಾತು ವಿಭಾಗದವರಿಂದ ಫೋನ್ ಬರುವುದು ನನಗೆ, ಸಂಪಾದಕರಿಗಲ್ಲ. ಹೊಯಿಗೆ (ಮರಳು) ಸುದ್ದಿಯೂ ಅಷ್ಟೆ.

ನೀತಿಸಂಹಿತೆಯಲ್ಲಿ ಬರೆದಿರುತ್ತದೆ: ಸುದ್ದಿ ಬೇರೆ, ಜಾಹೀರಾತು ಬೇರೆ ಇರಬೇಕು, ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳಬಾರದು. ನನ್ನಲ್ಲಿ ಇಬ್ಬರೂ ಒಂದೇ ಅಂಗಿಯೊಳಗೆ ಇದ್ದಾರೆ. ಪ್ರೆಸ್‌ಮೀಟಿಗೆ ಹೋಗುವವನೂ ನಾನೇ, ಸಂಜೆ ಅದೇ ಮುಖಂಡರ ಹತ್ತಿರ ಹುಟ್ಟುಹಬ್ಬದ ಜಾಹೀರಾತು ಕೇಳುವವನೂ ನಾನೇ. ಬೆಳಿಗ್ಗೆ ಏಜೆಂಟ್ ಬಾರದಿದ್ದರೆ ಪೇಪರ್ ಹಾಕುವವನೂ ನಾನೇ.

ಪತ್ರಿಕೆಯವರ ಸಂಬಳ ಎಷ್ಟಿರಬೇಕು ಅಂತ ಹೇಳಲು ಮಜೀಠಿಯಾ ವೇತನ ಮಂಡಳಿ ಅಂತ ಒಂದು ಇತ್ತು. 2011ರಲ್ಲಿ ಸರಕಾರ ಅಧಿಸೂಚನೆ ಹೊರಡಿಸಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಗುತ್ತಿಗೆಯವರಿಗೂ ಅನ್ವಯ ಅಂತ 2017ರಲ್ಲಿ ಹೇಳಿತು. ನನ್ನಂಥವನ ಮನೆಗೆ ಅದು ಬಂದದ್ದು ಸುದ್ದಿಯಾಗಿ ಮಾತ್ರ.

ಸಂಘಟನೆಯ ಕಥೆಯೂ ತಮಾಷೆ. ಕೇರಳದ ಪತ್ರಕರ್ತರ ಯೂನಿಯನ್ನೂ ಕೆಯುಡಬ್ಲ್ಯುಜೆ, ಕರ್ನಾಟಕದ ಸಂಘವೂ ಕೆಯುಡಬ್ಲ್ಯುಜೆ. ಕೇರಳದವರು "ನೀವು ಕರ್ನಾಟಕದ ಪತ್ರಿಕೆಯವರು" ಎನ್ನುತ್ತಾರೆ, ಕರ್ನಾಟಕದವರು "ನೀವು ಕೇರಳದಲ್ಲಿರುವವರು" ಎನ್ನುತ್ತಾರೆ. ಮಾಧ್ಯಮ ಅಕಾಡೆಮಿಯೂ ಎರಡುಂಟು, ಒಂದು ಕಾಕ್ಕನಾಡಿನಲ್ಲಿ, ಒಂದು ಬೆಂಗಳೂರಿನಲ್ಲಿ. ನನಗೆ ಪೋಕ್ಸೊ 23 ಅಂದರೆ ಎಂತ ಅಂತ ಇಷ್ಟು ವರ್ಷದಲ್ಲಿ ಕೂರಿಸಿ ಹೇಳಿದವರು ಯಾರೂ ಇಲ್ಲ. ಇವತ್ತು ವಕೀಲೆ ಮೇಡಂ ಬರೆದದ್ದರಲ್ಲಿ ಓದಿದೆ.

ಪಯಸ್ವಿನಿ ಟೀಚರ್

ಇದನ್ನು ಓದಿ ನನ್ನ ಸಿಟ್ಟು ಕಡಿಮೆಯಾಗಲಿಲ್ಲ ಸುದ್ದಿಗಾರರೇ, ಆದರೆ ಅದು ಹೋಗಬೇಕಾದ ದಿಕ್ಕು ಬೇರೆ ಅಂತ ಕಾಣುತ್ತದೆ. ನೀವು ಬರೆದು ಕಳಿಸಿದ್ದನ್ನು ಮಂಗಳೂರಿನಲ್ಲಿ ಒಬ್ಬರು ನೋಡುತ್ತಾರಲ್ಲ? ಅವರಿಗೆ ಸಂಬಳ ಉಂಟಲ್ಲ?

ಡೆಸ್ಕಿನವ

ಉಂಟು. ಆ ಡೆಸ್ಕಿನಲ್ಲಿ ಇರುವವನು ನಾನೇ ಅಂತ ಇಟ್ಟುಕೊಳ್ಳಿ.

ಕಾಸರಗೋಡು ಪುಟ ಬೇಗ ಹೋಗಬೇಕು, ಗಾಡಿ ಗಡಿ ದಾಟಬೇಕಲ್ಲ. ಸಂಜೆ ಏಳರಿಂದ ಎಂಟೂವರೆಯೊಳಗೆ ಒಬ್ಬನೇ ಒಂದೂವರೆ ಪುಟ ಮುಗಿಸಬೇಕು. ವಾಟ್ಸಾಪಿನಲ್ಲಿ ಬಂದ ಸುದ್ದಿಯನ್ನು ಕಾಪಿ ಮಾಡಿ, ಕಾಗುಣಿತ ತಿದ್ದಿ, ತಲೆಬರಹ ಕೊಟ್ಟು ಇಳಿಸುವುದು. ಹೆಸರು ಇದ್ದರೆ ತೆಗೆಯುತ್ತೇವೆ, ಅದು ಕೈಗೆ ಅಭ್ಯಾಸವಾಗಿದೆ. ತರಗತಿ, ತಂದೆಯ ಉದ್ಯೋಗ ಕಣ್ಣಿಗೆ ಬೀಳುವುದಿಲ್ಲ. ಮಂಗಳೂರಿನಲ್ಲಿ ಕೂತವನಿಗೆ ಒಂಬತ್ತನೇ ತರಗತಿ ಅಂದರೆ ಸಾವಿರಾರು ಮಕ್ಕಳು. ನಿಮ್ಮ ಪಂಚಾಯತಿನಲ್ಲಿ ನಾಲ್ಕೇ ಜನ ಅಂತ ನನಗೆ ಹೇಗೆ ತಿಳಿಯಬೇಕು? ಅದು ಗೊತ್ತಿರುವುದು ಊರಿನ ಸುದ್ದಿಗಾರನಿಗೆ.

ದೊಡ್ಡ ಪತ್ರಿಕೆಗಳಲ್ಲಿ ಓದುಗರ ದೂರು ಕೇಳುವುದಕ್ಕೇ ಒಬ್ಬರು ಇರಬಹುದು. 'ದಿ ಹಿಂದೂ' 2006ರಲ್ಲೇ ರೀಡರ್ಸ್ ಎಡಿಟರ್ ಅಂತ ನೇಮಿಸಿತು, ದಿನಾ ತಿದ್ದುಪಡಿ ಹಾಕುತ್ತದೆ. ನಮ್ಮಲ್ಲಿ ತಿದ್ದುಪಡಿ ಹಾಕಿದರೆ ಸೋತ ಹಾಗೆ ಅಂತ ಭಾವನೆ. ಹಾಕಿದರೂ ಕಾಸರಗೋಡು ಪುಟದ ತಪ್ಪಿಗೆ ಎಲ್ಲೋ ಒಳಪುಟದ ಮೂಲೆಯಲ್ಲಿ ಎರಡು ಸಾಲು.

ಬಿಡಿ ಸುದ್ದಿಗಾರ

ಸ್ವಾಮೀ, ತರಗತಿ ಬರೆಯದಿದ್ದರೆ "ವಿವರ ಸಾಲದು" ಅಂತ ಫೋನ್ ಮಾಡಿದವರೂ ನೀವೇ ಅಲ್ಲವಾ?

ಡೆಸ್ಕಿನವ

ನಾನಲ್ಲ. ನಮ್ಮ ಮುಖ್ಯ ಉಪಸಂಪಾದಕರು 🙂

ಬಡ್ಸ್ ಅಕ್ಕ

ನಾನು ಎಣ್ಮಕಜೆ ಕಡೆಯವಳು, ಬಡ್ಸ್ ಶಾಲೆಯಲ್ಲಿ (ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಶಾಲೆ) ಮಕ್ಕಳನ್ನು ನೋಡಿಕೊಳ್ಳುವವಳು. ಎಂಡೋಸಲ್ಫಾನ್ ಕೀಟನಾಶಕದ ವಿಷಯ ಯಾರೂ ಎತ್ತಲಿಲ್ಲವಲ್ಲ ಅಂತ ಆಶ್ಚರ್ಯವಾಯಿತು. ಗುರುತು ಮುಚ್ಚುವುದು, ಬಿಡುವುದು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಷ್ಟು ಕಷ್ಟದ ಉತ್ತರ ಬೇರೆ ಎಲ್ಲೂ ಸಿಗಲಿಕ್ಕಿಲ್ಲ.

ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಆ ವಿಷ ಸಿಂಪಡಿಸಿದ್ದು ಇಪ್ಪತ್ತು ವರ್ಷಕ್ಕೂ ಮೇಲೆ, 2000ದವರೆಗೆ. ಕಾಲು ತಿರುಚಿ ಹುಟ್ಟಿದ ಕರುಗಳ ಬಗ್ಗೆ ಮೊದಲು ಬರೆದವರಲ್ಲಿ ನಮ್ಮ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಒಬ್ಬರು. ವಾಣೀನಗರದ ಡಾ. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದು ಕಳಿಸಿದರು. ಆಗ ಅಧಿಕಾರಿಗಳು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಕ ತಿರುಗಿ ನೋಡಿದ್ದು ಆಮೇಲೆ ಬಂದ ಫೋಟೋಗಳಿಂದ. ಅವುಗಳಲ್ಲಿ ಮಕ್ಕಳ ಮುಖ ಇತ್ತು, ಹೆಸರಿತ್ತು, ಊರಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ಇಡೀ ದೇಶದಲ್ಲಿ ನಿಲ್ಲಿಸಿತು, 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಹೇಳಿತು. ಮುಖ ಮುಚ್ಚಿದ ಫೋಟೋ ಆಗಿದ್ದರೆ ಇಷ್ಟು ಆಗುತ್ತಿತ್ತಾ? ಆಗುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಆದರೆ ಈಗಿನದ್ದು ಕೇಳಿ. ಅಂದು ಅಮ್ಮ ಒಪ್ಪಿ ತೆಗೆಸಿದ ಫೋಟೋ ಇವತ್ತಿಗೂ ಬಜೆಟ್ ಬಂದಾಗ, ಪಿಂಚಣಿ ನಿಂತಾಗ, ಸೆಕ್ರೆಟೇರಿಯೆಟ್ ಎದುರು ಧರಣಿಯಾದಾಗ ಕಡತದಿಂದ ಹೊರಗೆ ಬರುತ್ತದೆ. ಆ ಮಕ್ಕಳು ಈಗ ಪ್ರಾಯಕ್ಕೆ ಬಂದವರು. ಕೆಲವರು ತೀರಿಹೋಗಿದ್ದಾರೆ. ಯಾರೂ ಮನೆಗೆ ಫೋನ್ ಮಾಡಿ ಕೇಳುವುದಿಲ್ಲ. ನಮ್ಮಲ್ಲಿ ಒಬ್ಬ ಹುಡುಗನ ತಂಗಿಗೆ ಸಂಬಂಧ ನೋಡುವಾಗ ಹುಡುಗನ ಕಡೆಯವರು ಮೊಬೈಲಿನಲ್ಲಿ ಹಳೆಯ ಫೋಟೋ ತೋರಿಸಿ "ಇದೇ ಮನೆಯಾ?" ಅಂತ ಕೇಳಿದರಂತೆ.

ಮಂತ್ರಿಗಳು ಬಂದಾಗ ಕ್ಯಾಮೆರಾದವರು ಹೇಳುವುದು "ಅಕ್ಕಾ, ಆ ಮಗುವನ್ನು ಸ್ವಲ್ಪ ಮುಂದೆ ತನ್ನಿ." ಯಾವ ಮಗು ಅಂತ ನಾನು ಹೇಳಬೇಕಾಗಿಲ್ಲ, ನೋಡಲಿಕ್ಕೆ ಹೆಚ್ಚು ಕಷ್ಟವಾಗುವ ಮಗು. ನಾವು ಈಗ ಮನೆಯವರನ್ನು ಕೇಳದೆ ಯಾರನ್ನೂ ಮುಂದೆ ತರುವುದಿಲ್ಲ. ಒಮ್ಮೆ ಕೊಟ್ಟ ಒಪ್ಪಿಗೆ ಎಷ್ಟು ವರ್ಷಕ್ಕೆ? ಅದನ್ನು ಯಾವ ನೀತಿಸಂಹಿತೆಯಲ್ಲಿ ಬರೆದಿದ್ದಾರೆ, ವಕೀಲೆ ಮೇಡಂ?

ಕುಂಬಳೆ ವಕೀಲೆ

ಅಕ್ಕಾ, ವರ್ಷದ ಲೆಕ್ಕವನ್ನು ನಾನು ಎಲ್ಲೂ ಓದಿಲ್ಲ. ಪ್ರಾಯಕ್ಕೆ ಬಂದವರು ತಾವೇ ಬರೆದು "ನನ್ನ ಫೋಟೋ ಇನ್ನು ಬಳಸಬೇಡಿ" ಅಂತ ಕೇಳಬಹುದು, ಅವರಿಂದ ಆಗದಿದ್ದರೆ ನೋಡಿಕೊಳ್ಳುವವರು ಕೇಳಬಹುದು. ಕೇಳಿದ ಮೇಲೂ ಹಾಕಿದರೆ ಖಾಸಗಿತನದ ಮೇಲೆ ದೂರು ಕೊಡಲು ಗಟ್ಟಿ ಆಧಾರ ಆಗುತ್ತದೆ.

ಬೇಳದ ಬಾವ

ಮೊದಲಿನದ್ದು ಆಯಿತು, ಬಿಡಿ. ನನಗೆ ಹೇಳಲಿಕ್ಕಿರುವುದು ಟಿವಿಯವರ ಮೇಲೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದರಲ್ಲ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ಆಗ ನಮ್ಮ ಭಾಷೆಯ ಚಾನೆಲ್‌ಗಳಲ್ಲೇ ಕಾಸರಗೋಡು ಅಂದರೆ ಕಾಯಿಲೆ ಎಂಬ ಹಾಗೆ ಮಾತಾಡಿದ್ದು ಮರೆಯುವುದಿಲ್ಲ. ಮನೆಯಲ್ಲಿ ಅಮ್ಮ ಟಿವಿ ಆಫ್ ಮಾಡಿಸಿದ್ದರು. ಆ ಚಾನೆಲ್‌ಗಳನ್ನು ಕೇಳುವವರು ಯಾರೂ ಇಲ್ಲವಾ?

ಕೋಳ್ಯೂರು ಮಾಷ್ಟ್ರು

ಚಾನೆಲ್‌ಗಳಿಗೆ ಅವರದ್ದೇ ಸಂಘದ ಪ್ರಾಧಿಕಾರ ಉಂಟು, ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಆ್ಯಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ). ನಿವೃತ್ತ ನ್ಯಾಯಮೂರ್ತಿಗಳು ಅಧ್ಯಕ್ಷರು. ಸಂಘದ ಸದಸ್ಯರಾದ ಚಾನೆಲ್‌ಗಳಿಗೆ ಮಾತ್ರ ಅನ್ವಯ, 2023ರಲ್ಲಿ ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ ಇತ್ತು. ಇಷ್ಟು ದಂಡದಿಂದ ಯಾರು ಹೆದರುತ್ತಾರೆ ಅಂತ ಆಗ ಸುಪ್ರೀಂ ಕೋರ್ಟೇ ಕೇಳಿತು.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಒಳಗಿನವರು ತಿರುಗಿ ಬಿದ್ದರೆ ಕೆಲಸ ಆಗುತ್ತದೆ. 2017ರ ಮಾರ್ಚ್ 26ರಂದು ಮಲಯಾಳಂನಲ್ಲಿ ಮಂಗಳಂ ಟಿವಿ ಆರಂಭವಾದ ದಿನವೇ ಸಚಿವ ಶಶೀಂದ್ರನ್ ಅವರ ಫೋನ್ ಮಾತುಕತೆ ಅಂತ ಒಂದು ಧ್ವನಿಮುದ್ರಿಕೆ ಹಾಕಿದರು. ಅವತ್ತೇ ಅವರು ರಾಜೀನಾಮೆ ಕೊಟ್ಟರು. ಫೋನಿನ ಆ ಕಡೆ ಇದ್ದದ್ದು ಕಷ್ಟ ಹೇಳಿಕೊಳ್ಳಲು ಬಂದ ಗೃಹಿಣಿ ಅಂತ ಚಾನೆಲ್ ಹೇಳಿತ್ತು. ಆದರೆ ಅದು ತಮ್ಮದೇ ಪತ್ರಕರ್ತೆಯಿಂದ ಮಾಡಿಸಿದ್ದು ಅಂತ ಕೆಲವೇ ದಿನಗಳಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು. ಯಾಕೆ? ಕೇರಳದ ಪತ್ರಕರ್ತೆಯರೇ ಬೀದಿಗೆ ಬಂದರು, ಚಾನೆಲಿನ ಒಳಗಿನವರೇ ಕೆಲಸ ಬಿಟ್ಟರು. ನ್ಯಾಯಾಂಗ ಆಯೋಗದ ವರದಿ ಬಂದದ್ದು ಆಮೇಲೆ, ನವೆಂಬರಿನಲ್ಲಿ.

ಬಿಡಿ ಸುದ್ದಿಗಾರ

ಮಾಷ್ಟ್ರೇ, ಕೆಲಸ ಬಿಡಬೇಕಾದರೆ ಮೊದಲು ಕೆಲಸ ಅಂತ ಒಂದು ಇರಬೇಕಲ್ಲ. ನಾನು ಬಿಟ್ಟರೆ ನಾಳೆಯೇ ಇನ್ನೊಬ್ಬ ಬೈಕ್ ಹತ್ತುತ್ತಾನೆ.

ಮತ್ತೆ ಆ ಪತ್ರಿಕಾ ಮಂಡಳಿಯ ಬಗ್ಗೆ ನನಗೆ ಅಷ್ಟೇನೂ ಭಕ್ತಿ ಇಲ್ಲ. 2009ರ ಚುನಾವಣೆಯ ಕಾಸಿಗಾಗಿ ಸುದ್ದಿಯ ಬಗ್ಗೆ ಅವರದ್ದೇ ಉಪಸಮಿತಿ ಪತ್ರಿಕೆಗಳ ಹೆಸರು ಹಾಕಿ 71 ಪುಟದ ವರದಿ ಬರೆದಾಗ ಮಂಡಳಿ ಅದನ್ನು ಪೂರ್ತಿ ಹೊರಗೆ ಬಿಡಲಿಲ್ಲ. ಸಣ್ಣದು ಮಾಡಿ ಕೊಟ್ಟಿತು. ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ 2011ರಲ್ಲಿ ಪೂರ್ತಿ ಬಂತು. ತಮ್ಮ ಮನೆಯವರ ಹೆಸರು ಬಂದಾಗ ಅವರಿಗೂ ಗುರುತು ಮುಚ್ಚಬೇಕು ಅಂತ ಅನಿಸಿತು ನೋಡಿ.

ಕುಂಬಳೆ ವಕೀಲೆ

ಅದು ನಿಜ. ಆದರೂ ಟೀಚರೇ, ನೀವು ದೂರು ಕೊಡಿ ಅಂತಲೇ ನನ್ನ ಸಲಹೆ. ದಾರಿ ಹೀಗೆ:

ಮೊದಲು ಸಂಪಾದಕರಿಗೆ ಪತ್ರ. ಫೋನ್ ಸಾಲದು, ರಶೀದಿ ಸಿಗುವ ಅಂಚೆಯೇ ಆಗಬೇಕು. ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಸಂಪಾದಕರ, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. ಉತ್ತರ ಬಾರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ, ಸುದ್ದಿ ಬಂದ ಎರಡು ತಿಂಗಳೊಳಗೆ ಪತ್ರಿಕಾ ಮಂಡಳಿಗೆ. ಸುದ್ದಿಯ ತುಣುಕು, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಈ ವಿಷಯ ಕೋರ್ಟಿನಲ್ಲಿಲ್ಲ ಎಂಬ ಘೋಷಣೆ. ಕೊನೆಯದರಲ್ಲಿ ಜಾಗ್ರತೆ: ಆರೋಪಿಯ ಕೇಸು ಕೋರ್ಟಿನಲ್ಲಿರುತ್ತದೆ, ನಿಮ್ಮ ದೂರು ಪತ್ರಿಕೆ ಗುರುತು ಬಿಟ್ಟುಕೊಟ್ಟದ್ದರ ಬಗ್ಗೆ ಮಾತ್ರ. ಎರಡನ್ನೂ ಬೆರೆಸಬೇಡಿ. ನಾನು ಕರಡು ನೋಡಿ ಕೊಡುತ್ತೇನೆ.

ವಾಟ್ಸಾಪ್ ಗ್ರೂಪಿಗೆ ಸಂಪಾದಕರೂ ಇಲ್ಲ, ಕೊನೆಯ ಪುಟವೂ ಇಲ್ಲ. ವೆಬ್‌ಸೈಟ್ ಇರುವ ಪೋರ್ಟಲ್ ಆದರೆ 2021ರ ಐಟಿ ನಿಯಮದ ಪ್ರಕಾರ ದೂರು ಕೇಳುವ ಅಧಿಕಾರಿಯನ್ನು ಇಟ್ಟು 15 ದಿನದಲ್ಲಿ ಉತ್ತರಿಸಬೇಕು. ಅದರ ನೀತಿಸಂಹಿತೆಯ ಭಾಗಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟದ್ದೂ ಉಂಟು. ಬರೀ ಗ್ರೂಪ್ ಆದರೆ ನೇರ ಪೊಲೀಸರಿಗೆ, ಪೋಕ್ಸೊ 23ರ ಅಡಿಯಲ್ಲಿ.

ಹೊಸಂಗಡಿ ಲೈವ್

ಪೊಲೀಸ್ ಮೊದಲೇ ಬೇಡ. ಆ ಗ್ರೂಪಿನ ಅಡ್ಮಿನ್ ನನಗೆ ಪರಿಚಯ, ಪೋಸ್ಟ್ ಡಿಲೀಟ್ ಮಾಡಿಸುತ್ತೇನೆ. ಇನ್ನು ಮುಂದೆ ನಮ್ಮ ಗ್ರೂಪಿನಲ್ಲಿ ಇಂಥ ಸುದ್ದಿಗೆ ಪೊಲೀಸ್ ಠಾಣೆಯ ವ್ಯಾಪ್ತಿ ಮಾತ್ರ, ಶಾಲೆ, ತರಗತಿ, ಅಪ್ಪ ಅಮ್ಮ ಯಾವುದೂ ಇಲ್ಲ. ಬೇರೆ ಗ್ರೂಪಿನವರು ಕೇಳುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ.

ಕುಂಬಳೆ ವಕೀಲೆ

ಡಿಲೀಟ್ ಮಾಡಿಸುವ ಮೊದಲು ಟೀಚರ್ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿ. ಇಲ್ಲಿ ಹಾಕುವುದಲ್ಲ, ಅವರ ಹತ್ತಿರ ಇರಲಿ.

ಡೆಸ್ಕಿನವ

ಟೀಚರೇ, ಪತ್ರದ ಮೇಲೆ "ಪೋಕ್ಸೊ ಸೆಕ್ಷನ್ 23 ಉಲ್ಲಂಘನೆ" ಅಂತ ಮೊದಲ ಸಾಲಿನಲ್ಲೇ ಬರೆಯಿರಿ. "ಓದುಗರ ಅಭಿಪ್ರಾಯ" ಅಂತ ಕಂಡರೆ ಅದು ವಾಚಕರ ವಾಣಿಯ ಟ್ರೇಗೆ ಹೋಗುತ್ತದೆ. ಸೆಕ್ಷನ್ ನಂಬರ್ ಕಂಡರೆ ಪ್ರಕಾಶಕರ ಮೇಜಿಗೆ ಹೋಗುತ್ತದೆ.

ಬಿಡಿ ಸುದ್ದಿಗಾರ

ಮತ್ತೆ ಅದರಲ್ಲೇ ಒಂದು ಸಾಲು ಸೇರಿಸಿ ಟೀಚರೇ: ಕಾಸರಗೋಡಿನ ಬಿಡಿ ಸುದ್ದಿಗಾರರಿಗೆ ವರ್ಷಕ್ಕೊಮ್ಮೆಯಾದರೂ ಇದನ್ನು ಕನ್ನಡದಲ್ಲಿ ಕಲಿಸಿ ಅಂತ. ನಾನು ಕೇಳಿದರೆ ಜಾಹೀರಾತು ಟಾರ್ಗೆಟ್ ಎಷ್ಟಾಯಿತು ಅಂತ ತಿರುಗಿ ಕೇಳುತ್ತಾರೆ.

ಪಯಸ್ವಿನಿ ಟೀಚರ್

ಕರಡು ವಕೀಲೆಯವರಿಗೆ ಕಳಿಸಿದ್ದೇನೆ. ಸುದ್ದಿಗಾರರ ಸಾಲು ಸೇರಿಸಿದ್ದೇನೆ, ಯಾರು ಹೇಳಿದ್ದು ಅಂತ ಹಾಕಿಲ್ಲ. ಶಾಲೆಯ ಹೆಸರು, ತರಗತಿ ಪತ್ರದಲ್ಲೂ ಇಲ್ಲ. ತುಣುಕಿನಲ್ಲಿ ಆ ಸಾಲುಗಳನ್ನು ಗುರುತು ಮಾಡಿ ಮುಚ್ಚಿದ ಲಕೋಟೆಯಲ್ಲಿ ಬೇರೆಯೇ ಇಡುತ್ತೇನೆ. ಸೋಮವಾರ ಮುಳ್ಳೇರಿಯ ಪೋಸ್ಟ್ ಆಫೀಸಿನಿಂದ ಹೋಗುತ್ತದೆ. ಇಂಗ್ಲಿಷ್ ಅನುವಾದಕ್ಕೆ ಯಾರಾದರೂ ಸಹಾಯ ಮಾಡುವುದಾದರೆ ಖಾಸಗಿ ಸಂದೇಶ ಕಳಿಸಿ.

ಬೇಳದ ಬಾವ

ಅನುವಾದ ನಾನು ಮಾಡುತ್ತೇನೆ ಟೀಚರೇ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಅದೇ ಕೆಲಸ. ನಿರ್ವಾಹಕರು ಅನುಮತಿ ಕೊಟ್ಟರೆ.

ನಿರ್ವಾಹಕ

ಕೊಟ್ಟಿದ್ದೇನೆ ಬಾವಾ. ಇಲ್ಲಿ ಮಾತ್ರ ಹಾಕಬೇಡಿ.